ಉಕ್ಕೋ ಪಾಲಿಮರೋ: ಪಿಸ್ತೂಲಿನ ಆಯ್ಕೆಯ ಸುತ್ತ ಒಂದು ಸಮೀಕ್ಷೆ

ಪಿಸ್ತೂಲು ಬಲ್ಲವರ ನಡುವೆ ನಲವತ್ತು ವರ್ಷಗಳಿಂದ ತೀರದೆ ಉಳಿದಿರುವ ವಾದವೊಂದಿದೆ. ಉಕ್ಕಿನ ಗಟ್ಟಿಯಿಂದ ಕಡೆದು ತೆಗೆದ ಹಳೆಯ ಮಾದರಿ ಮೇಲೋ, ಪಾಲಿಮರ್ ಫ್ರೇಮಿನ ಹೊಸ ಮಾದರಿ ಮೇಲೋ? ಒಂದು ಪಕ್ಷದವರು 1911ರ ಕೋಲ್ಟ್ ಅನ್ನು ಎತ್ತಿ ತೋರಿಸುತ್ತಾರೆ, ಇನ್ನೊಂದು ಪಕ್ಷದವರು ಗ್ಲಾಕ್ 17 ಅನ್ನು. ಮೊದಲನೆಯದು ಖಾಲಿ ಮ್ಯಾಗಜಿನ್ ಸಮೇತ ಸುಮಾರು 1,100 ಗ್ರಾಂ ತೂಗುತ್ತದೆ, .45 ಬೋರಿನ ಏಳು ತೋಟಾ ಹಿಡಿಯುತ್ತದೆ. ಎರಡನೆಯದು ಹಾಗೆಯೇ ತೂಗಿದರೆ 700 ಗ್ರಾಂ ಆಸುಪಾಸು, ಹಿಡಿಯುವುದು 9 ಎಂ.ಎಂ.ನ ಹದಿನೇಳು ತೋಟಾ. ಇಷ್ಟು ಅಂಕಿ ಕೊಟ್ಟರೆ ವಾದ ಮುಗಿಯಬೇಕಿತ್ತು. ಮುಗಿದಿಲ್ಲ. ಉಕ್ಕು, ಪಾಲಿಮರ್ ಎಂದು ಹೆಸರು ಹಿಡಿದು ಜಗಳವಾಡುವವರು ಹೆಚ್ಚಿನ ಸಲ ಮಾತಾಡುತ್ತಿರುವುದು ತೂಕದ ಬಗ್ಗೆ, ಟ್ರಿಗರ್ ಬಗ್ಗೆ, ಅಂಗೈಯ ಅಳತೆಯ ಬಗ್ಗೆ, ಬೆಲೆಯ ಬಗ್ಗೆ. ಇವನ್ನು ಒಂದೊಂದಾಗಿ ಬಿಡಿಸಿ ನೋಡದೆ ಆಯ್ಕೆಗೆ ಇಳಿದರೆ ತಪ್ಪು ಕಾರಣಕ್ಕೆ ತಪ್ಪು ಆಯುಧ ಕೈಸೇರುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ಪಾಲಿಮರ್ ಪಿಸ್ತೂಲು ಎಂದರೆ ಪೂರ್ತಿ ಪ್ಲಾಸ್ಟಿಕ್ಕಿನದ್ದಲ್ಲ. ತೋಟಾ ಸಿಡಿದಾಗ 9 ಎಂ.ಎಂ. ಪಿಸ್ತೂಲಿನ ಕೋಣೆಯೊಳಗೆ 2,350 ಬಾರ್ ತನಕ ಒತ್ತಡ ಏಳಬಹುದು. ಅದನ್ನು ತಡೆಯುವ ನಳಿಕೆ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್, ಒಳಗಿನ ಸ್ಪ್ರಿಂಗುಗಳು ಎರಡೂ ಬಗೆಯಲ್ಲಿ ಉಕ್ಕೇ. ಬದಲಾದದ್ದು ಕೈ ಹಿಡಿಯುವ ಕೆಳಭಾಗ, ಅಂದರೆ ಫ್ರೇಮ್. ಅದರಲ್ಲೂ ಸ್ಲೈಡ್ ಓಡುವ ಹಳಿಗಳು ಪಾಲಿಮರಿನೊಳಗೆ ಹುದುಗಿಸಿದ ಉಕ್ಕಿನ ತುಂಡುಗಳು. ಇನ್ನೂ ಒಂದು ಮಾತು. ಗುಂಡು ನಳಿಕೆ ಬಿಡುವ ತನಕ ನಳಿಕೆಯೂ ಸ್ಲೈಡೂ ಕಚ್ಚಿಕೊಂಡಿದ್ದು, ಆಮೇಲೆ ನಳಿಕೆಯ ಹಿಂತುದಿ ತುಸು ಕೆಳಗೆ ವಾಲಿ ಕೊಂಡಿ ಬಿಡುವ ಉಪಾಯ ಅಮೆರಿಕದ ಜಾನ್ ಬ್ರೌನಿಂಗ್‌ದು. 1911ರ ಪಿಸ್ತೂಲಿನಲ್ಲಿ ಇದ್ದದ್ದೂ ಅದೇ, ಇವತ್ತಿನ ಗ್ಲಾಕ್‌ನಲ್ಲಿ ಸ್ವಲ್ಪ ಬದಲಾಗಿ ಕೂತಿರುವುದೂ ಅದೇ. ಹಳೆಯದು, ಹೊಸದು ಎಂಬ ಗೆರೆ ಜನ ಎಳೆಯುವಷ್ಟು ದಪ್ಪವಾಗಿಲ್ಲ.

ಉಕ್ಕಿನ ಪಿಸ್ತೂಲಿಗೆ ಇಷ್ಟೊಂದು ಅಭಿಮಾನಿಗಳು ಯಾಕಿದ್ದಾರೆಂದು ತಿಳಿಯಲು 1911ರ ಹುಟ್ಟನ್ನೇ ನೋಡಬೇಕು. ಫಿಲಿಪ್ಪೀನ್ಸ್‌ನಲ್ಲಿ ಮೋರೊ ಹೋರಾಟಗಾರರ ಎದುರು .38 ಬೋರಿನ ರಿವಾಲ್ವರ್‌ಗಳು ಸಾಲುತ್ತಿಲ್ಲವೆಂದು ಅಮೆರಿಕದ ಸೇನೆಗೆ ದೂರು ಬಂತು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಪರೀಕ್ಷೆ ನಡೆಸಿ .45ಕ್ಕಿಂತ ಕಡಿಮೆ ಬೋರ್ ಬೇಡವೆಂದರು. ಆಮೇಲೆ ಹಲವು ಕಂಪನಿಗಳ ಪಿಸ್ತೂಲುಗಳಿಗೆ ಪೈಪೋಟಿ ನಡೆಯಿತು. ಕೊನೆಯ ಸುತ್ತಿನಲ್ಲಿ ಒಂದೇ ಪಿಸ್ತೂಲಿನಿಂದ ಎರಡು ದಿನದಲ್ಲಿ 6,000 ಗುಂಡು ಹಾರಿಸಿದರು. ಬಿಸಿಯಾದಾಗ ನೀರಿನಲ್ಲಿ ಅದ್ದಿ ಮತ್ತೆ ಹಾರಿಸಿದರು. ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಒಂದು ಸಲವೂ ಕೈಕೊಡಲಿಲ್ಲ. ಎದುರಾಳಿ ಸ್ಯಾವೇಜ್ ಪಿಸ್ತೂಲು 37 ಸಲ ಕೈಕೊಟ್ಟಿತು. 1911ರ ಮಾರ್ಚ್‌ನಲ್ಲಿ ಸೇನೆ ಒಪ್ಪಿಕೊಂಡ ಈ ಆಯುಧ 1985ರ ತನಕ ಅಧಿಕೃತ ಪಿಸ್ತೂಲಾಗಿ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ಟೈಪ್‌ರೈಟರಿಗೆ ಹೆಸರಾದ ರೆಮಿಂಗ್ಟನ್ ರ‍್ಯಾಂಡ್, ಹೊಲಿಗೆ ಯಂತ್ರದ ಸಿಂಗರ್ ಕೂಡ ಇದನ್ನು ತಯಾರಿಸಿದವು. ಅಂದು ತಯಾರಾದವು ಇಂದಿಗೂ ಗುಂಡು ಹಾರಿಸುತ್ತಿವೆ.

ಬ್ರೌನಿಂಗ್ ತಾನು ಶುರುಮಾಡಿದ ಮುಂದಿನ ಪಿಸ್ತೂಲನ್ನು ಮುಗಿಸಲಿಲ್ಲ. 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ತೀರಿಕೊಂಡ. ಎಫ್‌ಎನ್ ಕಾರ್ಖಾನೆಯ ದ್ಯೂದೊನೆ ಸೈವ್ ಅದನ್ನು ಪೂರ್ತಿಮಾಡಿ 1935ರಲ್ಲಿ ಹೊರತಂದ. ಅದೇ ಹೈ ಪವರ್. 9 ಎಂ.ಎಂ.ನ ಹದಿಮೂರು ತೋಟಾಗಳನ್ನು ಎರಡು ಸಾಲಿನ ಮ್ಯಾಗಜಿನ್‌ನಲ್ಲಿ ಹಿಡಿಯುವ ಈ ಪಿಸ್ತೂಲೇ ನಮ್ಮ ದೇಶದ ಕಥೆಗೆ ಕೊಂಡಿ. ಯುದ್ಧಕಾಲದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ತಯಾರಿಸಿದ ಹೈ ಪವರಿನ ಮಾದರಿಯಲ್ಲಿ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ‘ಪಿಸ್ಟಲ್ ಆಟೊ 9 ಎಂ.ಎಂ. 1ಎ’ ಎಂಬ ಹೆಸರಿನಲ್ಲಿ ತಯಾರಿಸಿತು. ನಮ್ಮ ಸೇನಾಧಿಕಾರಿಗಳ, ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ದಶಕಗಳ ಕಾಲ ಇದ್ದದ್ದು ಇದೇ. ಉಕ್ಕಿನ ಪಿಸ್ತೂಲು ಅಂದಾಗ ಕೋಲ್ಟ್ ನೆನೆಯುವುದು ಅಮೆರಿಕದವರ ರೂಢಿ. ಭಾರತದಲ್ಲಿ ಆ ಜಾಗ ಇಶಾಪುರದ ಈ ಪಿಸ್ತೂಲಿಗೆ ಸಲ್ಲಬೇಕು.

ಉಕ್ಕಿನಿಂದ ಪಾಲಿಮರಿಗೆ ಜಗತ್ತು ಒಂದೇ ನೆಗೆತದಲ್ಲಿ ದಾಟಿತೆಂದು ಹಲವರು ಬರೆಯುತ್ತಾರೆ. ನಡುವೆ ಅಲ್ಯೂಮಿನಿಯಂ ಇತ್ತು. 1985ರಲ್ಲಿ ಅಮೆರಿಕದ ಸೇನೆ 1911ರ ಬದಲಿಗೆ ತಂದ ಇಟಲಿಯ ಬೆರೆಟ್ಟಾದ ಫ್ರೇಮ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಸಿಗ್ ಕಂಪನಿಯ ಪಿ226 ಕೂಡ ಹಾಗೆಯೇ. ಈ ಬೆರೆಟ್ಟಾದ ಚರಿತ್ರೆಯಲ್ಲಿ ಒಂದು ಪಾಠವಿದೆ. 1980ರ ದಶಕದ ಕೊನೆಯಲ್ಲಿ ಕೆಲವು ಪಿಸ್ತೂಲುಗಳ ಸ್ಲೈಡ್ ಸೀಳಿ, ಹಿಂದಿನ ತುಂಡು ಹಾರಿ ಬಂದು ಗುಂಡು ಹೊಡೆಯುತ್ತಿದ್ದವರ ಮುಖಕ್ಕೆ ಗಾಯವಾಯಿತು. ಮುರಿದದ್ದು ಹಗುರ ಲೋಹದ ಫ್ರೇಮ್ ಅಲ್ಲ, ಉಕ್ಕಿನ ಸ್ಲೈಡ್. ಆಮೇಲೆ ಸ್ಲೈಡ್ ಸೀಳಿದರೂ ಹಿಂದಕ್ಕೆ ಹಾರದಂತೆ ವಿನ್ಯಾಸ ತಿದ್ದಿದರು. ಉಕ್ಕು ಎಂದಾಕ್ಷಣ ಮುರಿಯದು ಎಂದು ನಂಬುವವರು ಈ ಘಟನೆಯನ್ನು ನೆನಪಿಟ್ಟುಕೊಳ್ಳಬೇಕು.

ಪಾಲಿಮರ್ ಫ್ರೇಮಿನ ಮೊದಲ ಪಿಸ್ತೂಲು ಗ್ಲಾಕ್ ಅಲ್ಲ, ಜರ್ಮನಿಯ ಹೆಕ್ಲರ್ ಆ್ಯಂಡ್ ಕಾಕ್ ಕಂಪನಿಯ ವಿಪಿ70. ಅದು 1970ರದ್ದು. ಹದಿನೆಂಟು ತೋಟಾ ಹಿಡಿಯುತ್ತಿತ್ತು, ಆದರೆ ಅದರ ಟ್ರಿಗರ್ ವಿಪರೀತ ಬಿಗಿ. ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಹನ್ನೆರಡು ವರ್ಷದ ಮೇಲೆ ಅದೇ ಬಗೆಯ ವಸ್ತು ಗೆದ್ದಿತು. ಅಂದರೆ ಸೋಲಿಸಿದ್ದು ಪ್ಲಾಸ್ಟಿಕ್ ಅಲ್ಲ, ಗೆಲ್ಲಿಸಿದ್ದೂ ಪ್ಲಾಸ್ಟಿಕ್ ಒಂದೇ ಅಲ್ಲ.

ಗಾಸ್ಟನ್ ಗ್ಲಾಕ್ ಪಿಸ್ತೂಲಿನ ಕುಲಕಸುಬಿನವನಲ್ಲ. ವಿಯೆನ್ನಾ ಹತ್ತಿರದ ಡಾಯ್ಚ್-ವಾಗ್ರಾಮ್ ಎಂಬ ಊರಿನಲ್ಲಿ ಪರದೆಯ ಸರಳು, ಸೈನಿಕರ ಚಾಕು, ಗುದ್ದಲಿ ಮಾಡಿ ಮಾರುತ್ತಿದ್ದವನು. ಆಸ್ಟ್ರಿಯಾದ ಸೇನೆ ತನ್ನ ಹಳೆಯ ವಾಲ್ಥರ್ ಪಿ38ಗಳನ್ನು ಬದಲಾಯಿಸಲು ಹೊರಟಾಗ ಅನುಭವಿಗಳನ್ನು ಕೂರಿಸಿ ನಿಮಗೆ ಏನು ಬೇಕೆಂದು ಕೇಳಿದ. ಪಿಸ್ತೂಲಿನ ಬಗ್ಗೆ ಹಳೆಯ ಸಂಸ್ಕಾರ ಇಲ್ಲದ್ದೇ ಅವನಿಗೆ ವರವಾಯಿತೆಂದು ನನಗೆ ತೋರುತ್ತದೆ. ಉಕ್ಕಿನ ಫ್ರೇಮ್ ಎಂದರೆ ಗಟ್ಟಿಯನ್ನು ಕಾಸಿ ಬಡಿದು, ಯಂತ್ರದಲ್ಲಿ ಗಂಟೆಗಟ್ಟಲೆ ಕಡೆದು, ಕೊನೆಗೆ ಅರದಿಂದ ಉಜ್ಜಿ ಹೊಂದಿಸುವ ಕೆಲಸ. ಅವನು ಕರಗಿದ ನೈಲಾನನ್ನು ಅಚ್ಚಿಗೆ ಒತ್ತಿ ಫ್ರೇಮ್ ಎತ್ತಿಬಿಟ್ಟ. ಇಡೀ ಪಿಸ್ತೂಲಿನ ಬಿಡಿಭಾಗಗಳು ಮೂವತ್ತನಾಲ್ಕಕ್ಕೆ ಇಳಿದವು. ಒಂದು ಪಿಸ್ತೂಲಿನ ಭಾಗ ತೆಗೆದು ಇನ್ನೊಂದಕ್ಕೆ ಹಾಕಿದರೆ ಉಜ್ಜದೆಯೇ ಕೂರುತ್ತಿತ್ತು. ಅವನ 17ನೇ ಪೇಟೆಂಟ್ ಆದ್ದರಿಂದ ಗ್ಲಾಕ್ 17 ಎಂದು ಹೆಸರಾಯಿತು. 1982ರಲ್ಲಿ ಸೇನೆ ಅದನ್ನು ಪಿ80 ಎಂದು ಕರೆದು ಒಪ್ಪಿಕೊಂಡಿತು.

ಅಮೆರಿಕಕ್ಕೆ ಬಂದಾಗ ಎದ್ದ ಗುಲ್ಲು ಬೇರೆ. ವಿಮಾನ ನಿಲ್ದಾಣದ ತಪಾಸಣೆಗೆ ಸಿಗದ ಪ್ಲಾಸ್ಟಿಕ್ ಪಿಸ್ತೂಲು ಬಂದಿದೆ ಎಂದು ಪತ್ರಿಕೆಗಳು ಬರೆದವು, 1988ರಲ್ಲಿ ಸಂಸತ್ತು ಕಾನೂನನ್ನೇ ಮಾಡಿತು. ಪತ್ತೆಗೆ ಸಿಗುವಂತೆ 3.7 ಔನ್ಸ್ ಉಕ್ಕಾದರೂ ಇರಬೇಕೆಂಬುದು ಅದರ ನಿಯಮ. ಗ್ಲಾಕ್‌ನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಉಕ್ಕಿತ್ತು. ಆದರೂ 1990ರ ‘ಡೈ ಹಾರ್ಡ್ 2’ ಸಿನಿಮಾ ಎಕ್ಸ್‌ರೇಗೆ ಕಾಣದ ‘ಗ್ಲಾಕ್ 7’ ಎಂಬ ಇಲ್ಲದ ಪಿಸ್ತೂಲನ್ನು ಜನರ ತಲೆಯಲ್ಲಿ ಕೂರಿಸಿತು. ಇಷ್ಟರಲ್ಲಿ 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಎದುರಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತು ಐವರು ಗಾಯಗೊಂಡರು. ಎಫ್‌ಬಿಐನವರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ರಿವಾಲ್ವರ್. ಅದಾದ ಮೇಲೆ ಪೊಲೀಸ್ ಇಲಾಖೆಗಳು ಒಂದಾದ ಮೇಲೊಂದು ಪಿಸ್ತೂಲಿಗೆ ಹೊರಳಿದಾಗ ಅಗ್ಗವಾಗಿ, ಬೇಕಾದಷ್ಟು ಸಂಖ್ಯೆಯಲ್ಲಿ ಒದಗಿದ್ದು ಗ್ಲಾಕ್. ಇಲಾಖೆಗಳು ಆರಿಸಿದ್ದು ಪಾಲಿಮರನ್ನಲ್ಲ. ಬೆಲೆಯನ್ನು, ತೋಟಾ ಸಂಖ್ಯೆಯನ್ನು, ಸರಳತೆಯನ್ನು.

ಈಗ ತೂಕದ ವಿಚಾರ. ಉಕ್ಕಿನ ಪರವಾದ ವಾದಗಳಲ್ಲಿ ಲೆಕ್ಕ ಹಾಕಿ ತೋರಿಸಬಹುದಾದದ್ದು ಇದೊಂದೇ. 7.5 ಗ್ರಾಂ ತೂಕದ 9 ಎಂ.ಎಂ. ಗುಂಡು ಸೆಕೆಂಡಿಗೆ ಸುಮಾರು 360 ಮೀಟರ್ ವೇಗದಲ್ಲಿ ಹೊರಟರೆ, ಮದ್ದಿನ ಹೊಗೆಯ ಪಾಲು ಬಿಟ್ಟರೂ, 900 ಗ್ರಾಂ ಪಿಸ್ತೂಲು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಅದೇ ಗುಂಡಿಗೆ 1,300 ಗ್ರಾಂ ಪಿಸ್ತೂಲು 2 ಮೀಟರಿನಷ್ಟು. ಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದರ ಒದೆತ ಸುಮಾರು 4 ಜೂಲ್, ಎರಡನೆಯದರದ್ದು 3ಕ್ಕಿಂತ ಕಡಿಮೆ. ಒಂದು ಈಡಿಗೆ ಇದು ದೊಡ್ಡ ವ್ಯತ್ಯಾಸವಲ್ಲ. ಎರಡು ಸೆಕೆಂಡಿನಲ್ಲಿ ಆರು ಈಡು ಗುರಿಗೆ ಹಾಕಬೇಕಾದ ಸ್ಪರ್ಧಿಗೆ ಇದೇ ಸೋಲು ಗೆಲುವು. ಆದ್ದರಿಂದಲೇ ಪಾಲಿಮರ್ ಗೆದ್ದಿತೆಂದು ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ ಜೆಕ್ ದೇಶದ ಸಿಜೆಡ್ ಕಂಪನಿ 2016ರಲ್ಲಿ 1.3 ಕಿಲೋ ತೂಕದ ಉಕ್ಕಿನ ಶ್ಯಾಡೋ 2 ತಂದಿತು, ಕ್ರೀಡಾ ಪಿಸ್ತೂಲಿನ ಕಣದಲ್ಲಿ ಅದು ಮುಂಚೂಣಿಗೆ ಬಂತು. ಪಾಲಿಮರಿನವರು ಸುಮ್ಮನಿರಲಿಲ್ಲ. ಸಿಗ್ ಕಂಪನಿ 2019ರಲ್ಲಿ ಪಾಲಿಮರಿನೊಳಗೆ ಟಂಗ್‌ಸ್ಟನ್ ಪುಡಿ ಬೆರೆಸಿ 1.2 ಕಿಲೋ ತೂಗುವ ಪಿಸ್ತೂಲು ಮಾಡಿತು. ಹಗುರವಾಗಲೆಂದು ತಂದ ವಸ್ತುವಿಗೆ ತೂಕ ಬೆರೆಸಿದ್ದು ನೋಡಿದರೆ ಸ್ಪರ್ಧಿಗೆ ಬೇಕಾದದ್ದು ಉಕ್ಕಲ್ಲ, ಭಾರ ಎಂಬುದು ಖಚಿತವಾಗುತ್ತದೆ. 1990ರ ದಶಕದಲ್ಲೇ ಹುಟ್ಟಿದ ‘2011’ ಬಗೆಯ ಪಿಸ್ತೂಲುಗಳು ಇನ್ನೊಂದು ದಾರಿ ಹಿಡಿದವು. ಮೇಲಿನ ಅರ್ಧ 1911ರ ಉಕ್ಕಿನ ಫ್ರೇಮ್, ಕೆಳಗಿನ ಹಿಡಿ ಪಾಲಿಮರ್. ಎರಡು ಪಕ್ಷದ ಜಗಳವನ್ನು ಅವು ಮೂವತ್ತು ವರ್ಷದ ಹಿಂದೆಯೇ ಅರ್ಥವಿಲ್ಲದ್ದು ಮಾಡಿದ್ದವು.

ಒಲಿಂಪಿಕ್ ಕ್ರೀಡೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಲ್ಲಿ 25 ಮೀಟರ್ ಪಿಸ್ತೂಲಿಗೆ ಗರಿಷ್ಠ 1,400 ಗ್ರಾಂ, ಟ್ರಿಗರಿಗೆ ಕನಿಷ್ಠ 1,000 ಗ್ರಾಂ ಎಂದು ನಿಯಮವೇ ಅಳತೆ ಹಾಕಿದೆ. ವಸ್ತು ಯಾವುದೆಂದು ಕೇಳುವುದಿಲ್ಲ. 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇಂಥ ನಿಯಮದ ಸ್ಪರ್ಧೆಯಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊದಲ್ಲಿ ಇಳಿದದ್ದು 50 ಮೀಟರ್ ಪಿಸ್ತೂಲಿನಲ್ಲಿ. ಅದೇ ಆ ಸ್ಪರ್ಧೆಯ ಕೊನೆಯ ಒಲಿಂಪಿಕ್ಸ್.

ಸ್ಪರ್ಧಿಗೆ ವರವಾದ ಭಾರವೇ ದಿನಕ್ಕೆ ಹನ್ನೆರಡು ಗಂಟೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ಪೊಲೀಸರಿಗೆ ಶಿಕ್ಷೆ. ಇದನ್ನು ಉಕ್ಕಿನ ಅಭಿಮಾನಿಗಳು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಜೊತೆಗೆ ನಮ್ಮ ಹವೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ, ಆಗುಂಬೆಯ ಮಳೆಯಲ್ಲಿ ನೀಲಿ ಲೇಪನದ ಉಕ್ಕನ್ನು ಒಂದು ವಾರ ಎಣ್ಣೆ ಕಾಣಿಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಬೆವರು ಹೀರಿದ ಚರ್ಮದ ಹೋಲ್‌ಸ್ಟರ್ ಇನ್ನೂ ಕೆಟ್ಟದ್ದು, ತೇವವನ್ನು ಲೋಹಕ್ಕೆ ಅಂಟಿಸಿ ಇಡುತ್ತದೆ. ಪಾಲಿಮರ್ ಫ್ರೇಮಿಗೆ ಈ ಭಯವಿಲ್ಲ, ಅದರ ಉಕ್ಕಿನ ಸ್ಲೈಡಿಗೆ ಗಟ್ಟಿ ಲೇಪನವಿರುತ್ತದೆ. ರಾಯಚೂರಿನ ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಹೋಗುವುದೆಂಬ ಮಾತನ್ನೂ ಬಿಡಬೇಕು. ಈ ಬಗೆಯ ನೈಲಾನ್ ಕರಗುವುದು 200 ಡಿಗ್ರಿ ದಾಟಿದ ಮೇಲೆ. 1980ರ ದಶಕದ ಗ್ಲಾಕ್‌ಗಳು ಇಂದಿಗೂ ಕೆಲಸ ಮಾಡುತ್ತಿವೆ. ಹಾಗೆಂದು ಪಾಲಿಮರ್ ಅಮರವೂ ಅಲ್ಲ. ಉಕ್ಕಿನ ಫ್ರೇಮ್ ಜಖಂ ಆದರೆ ಪಳಗಿದ ಕಮ್ಮಾರ ಬೆಸುಗೆ ಹಾಕಿ, ಉಜ್ಜಿ ಸರಿಪಡಿಸಬಲ್ಲ. ಪಾಲಿಮರ್ ಸೀಳಿದರೆ ಫ್ರೇಮನ್ನೇ ಬದಲಾಯಿಸಬೇಕು. ಅಜ್ಜನಿಂದ ಮೊಮ್ಮಗನಿಗೆ ಬರುವ ವಸ್ತು ಬೇಕೆನ್ನುವವರಿಗೆ ಉಕ್ಕೇ ಸರಿ. ಅದರ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಚೆನ್ನಾಗಿ ಕಡೆದ ಹೈ ಪವರಿನ ಸ್ಲೈಡ್ ಫ್ರೇಮಿನ ಮೇಲೆ ಸರಿಯುವ ನಯ ಯಾವ ಅಚ್ಚಿನ ವಸ್ತುವಿನಲ್ಲೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಟ್ರಿಗರ್. ಚರ್ಚೆಗಳಲ್ಲಿ ಕಡಿಮೆ ಗಮನ ಪಡೆಯುವುದೂ ಅದೇ. 1911ರಲ್ಲೂ ಹೈ ಪವರಿನಲ್ಲೂ ಕುದುರೆಯನ್ನು ಮೊದಲೇ ಹಿಂದಕ್ಕೆ ಏರಿಸಿ, ಸೇಫ್ಟಿ ಹಾಕಿ ಒಯ್ಯುವ ಪದ್ಧತಿ. ಹಾರಿಸುವ ಮೊದಲು ಹೆಬ್ಬೆರಳಿನಿಂದ ಸೇಫ್ಟಿ ಇಳಿಸಬೇಕು. ಟ್ರಿಗರ್ ಆಗ ಹಗುರ, ಎಳೆತ ಗಿಡ್ಡ. ಗ್ಲಾಕ್‌ಗೆ ಹೆಬ್ಬೆರಳಿನ ಸೇಫ್ಟಿ ಇಲ್ಲ. ಟ್ರಿಗರಿನ ನಡುವೆಯೇ ಒಂದು ಸಣ್ಣ ಪಟ್ಟಿ, ಒಳಗೆ ಇನ್ನೆರಡು ತಡೆಗಳು, ಸುಮಾರು 2.5 ಕಿಲೋ ಎಳೆತ. ಪ್ರತಿ ಈಡಿಗೂ ಎಳೆತ ಒಂದೇ ಬಗೆ, ಕಲಿಯಲು ಸುಲಭ. ಅಪಾಯವೂ ಅಲ್ಲೇ ಇದೆ. ಬೆರಳಾಗಲಿ ಅಂಗಿಯ ಅಂಚಾಗಲಿ ಟ್ರಿಗರಿಗೆ ಸಿಕ್ಕಿ ಅದು ಹಿಂದಕ್ಕೆ ಹೋದರೆ ಗುಂಡು ಹಾರುತ್ತದೆ. ಹೋಲ್‌ಸ್ಟರಿಗೆ ಇಳಿಸುವಾಗ ತೊಡೆಗೆ ಗುಂಡು ಬಿದ್ದ ಪ್ರಕರಣಗಳಿಗೆ ಅಮೆರಿಕದಲ್ಲಿ ಅಡ್ಡಹೆಸರೇ ಇದೆ. ಗ್ಲಾಕ್ ಬಿಚ್ಚುವ ಮುನ್ನ ಟ್ರಿಗರ್ ಎಳೆಯಲೇಬೇಕು. ಕೋಣೆಯಲ್ಲಿ ತೋಟಾ ಉಳಿದಿದೆಯೇ ಎಂದು ನೋಡದವರು ಅದೇ ಕ್ಷಣದಲ್ಲಿ ಗುಂಡು ಹಾರಿಸಿಕೊಂಡಿದ್ದಾರೆ. ನ್ಯೂಯಾರ್ಕ್ ಪೊಲೀಸ್ ಇಲಾಖೆ 1990ರ ದಶಕದಲ್ಲಿ ಪಿಸ್ತೂಲಿಗೆ ಬದಲಾದಾಗ ಈ ಭಯಕ್ಕೆ ಟ್ರಿಗರನ್ನು 12 ಪೌಂಡಿಗೆ, ಅಂದರೆ 5.4 ಕಿಲೋಗೆ ಬಿಗಿಮಾಡಿಸಿತು. ಅಷ್ಟು ಬಲ ಹಾಕಿ ಎಳೆದರೆ ಗುರಿ ಅಲುಗುತ್ತದೆ. ತರಬೇತಿಯಿಂದ ಕಲಿಸಬೇಕಾದದ್ದನ್ನು ಸ್ಪ್ರಿಂಗಿನಿಂದ ಕಲಿಸಲು ಹೋದ ಆ ನಿರ್ಧಾರ ನನ್ನ ಕಣ್ಣಿಗೆ ತಪ್ಪು.

2017ರ ಜನವರಿಯಲ್ಲಿ ಅಮೆರಿಕದ ಸೇನೆ ಬೆರೆಟ್ಟಾ ಬಿಟ್ಟು ಸಿಗ್ ಪಿ320ರ ಒಂದು ರೂಪವನ್ನು ಎಂ17 ಎಂದು ಆರಿಸಿತು. ಈ ಮಾದರಿಯಲ್ಲಿ ಕಾನೂನಿನ ಕಣ್ಣಿಗೆ ‘ಪಿಸ್ತೂಲು’ ಎಂದರೆ ಒಳಗಿನ ಟ್ರಿಗರ್ ಯಂತ್ರದ ಸಣ್ಣ ಉಕ್ಕಿನ ಪೆಟ್ಟಿಗೆ. ನಂಬರ್ ಇರುವುದು ಅದರ ಮೇಲೆ. ಹೊರಗಿನ ಪಾಲಿಮರ್ ಹಿಡಿಯನ್ನು ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ ಬದಲಾಯಿಸಿಕೊಳ್ಳಬಹುದು. ಪಾಲಿಮರಿನ ನಿಜವಾದ ಕೊಡುಗೆ ಇದೇ ಎಂದು ನಾನು ತಿಳಿದಿದ್ದೇನೆ. ಉಕ್ಕಿನ ಫ್ರೇಮ್ ಒಂದೇ ಅಳತೆ. ಸಣ್ಣ ಅಂಗೈಯ ಹೆಣ್ಣುಮಗಳು ಟ್ರಿಗರ್ ಮುಟ್ಟಲು ಹಿಡಿತವನ್ನೇ ಸಡಿಲಿಸಬೇಕಾಗುತ್ತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ನಾಗರಿಕರಿಗೆ ಮಾರಿದ ಪಿ320 ಕೆಲವು ಕೋನದಲ್ಲಿ ಬಿದ್ದರೆ ಗುಂಡು ಹಾರಿಸುತ್ತದೆ ಎಂದು ಬಯಲಾಯಿತು, ಕಂಪನಿ ಟ್ರಿಗರಿನ ಭಾಗಗಳನ್ನು ಬದಲಾಯಿಸಿಕೊಡುವುದಾಗಿ ಹೇಳಿತು. ದೋಷ ಇದ್ದದ್ದು ಟ್ರಿಗರಿನ ಒಳಜೋಡಣೆಯಲ್ಲಿ. ಫ್ರೇಮ್ ಉಕ್ಕಿನದಾಗಿದ್ದರೂ ಅದು ಹಾಗೆಯೇ ಹಾರುತ್ತಿತ್ತು.

ಭಾರತದ ನಾಗರಿಕನಿಗೆ ಈ ಆಯ್ಕೆ ಬಹುಮಟ್ಟಿಗೆ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 9 ಎಂ.ಎಂ., .45 ಎರಡೂ ನಿಷೇಧಿತ ಬೋರ್. ಲೈಸೆನ್ಸ್ ಇದ್ದವನಿಗೆ ಸಿಗುವುದು ಹೆಚ್ಚಾಗಿ .32. 1980ರ ದಶಕದಿಂದ ವಿದೇಶಿ ಆಮದಿಗೆ ತಡೆ ಇರುವುದರಿಂದ ಬ್ರಿಟಿಷರ ಕಾಲದ ವೆಬ್ಲಿ, ಹಳೆಯ ಕೋಲ್ಟ್‌ಗಳು ಲಕ್ಷಗಟ್ಟಲೆಗೆ ಕೈಬದಲಾಗುತ್ತವೆ. ಆ ಬೆಲೆ ಉಕ್ಕಿನ ಗುಣಕ್ಕೆ ಬಂದದ್ದಲ್ಲ, ಅಭಾವಕ್ಕೆ ಬಂದದ್ದು. ಕಾನ್ಪುರದ ಕಾರ್ಖಾನೆ 2014ರಲ್ಲಿ ಮಹಿಳೆಯರಿಗಾಗಿ ಎಂದು ತಂದ 500 ಗ್ರಾಂನ ‘ನಿರ್ಭೀಕ್’ ರಿವಾಲ್ವರ್ ಟೈಟೇನಿಯಂ ಮಿಶ್ರಲೋಹದ್ದು, ಬೆಲೆ ಲಕ್ಷ ದಾಟಿತ್ತು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೊಡಗು, ಮಲೆನಾಡಿನ ಕೋವಿ ಉದ್ದ ನಳಿಗೆಯದು, ಅದರ ಪ್ರಶ್ನೆಗಳೇ ಬೇರೆ. ಹೀಗಾಗಿ ಉಕ್ಕೋ ಪಾಲಿಮರೋ ಎಂಬ ಪ್ರಶ್ನೆ ನಮ್ಮಲ್ಲಿ ನಿಜವಾಗಿ ಇರುವುದು ಸರ್ಕಾರಿ ಖರೀದಿಯ ಕಡತದಲ್ಲಿ. ರಾಷ್ಟ್ರೀಯ ಭದ್ರತಾ ಪಡೆ ಬಹಳ ಹಿಂದೆಯೇ ಗ್ಲಾಕ್ ಹಿಡಿದಿದೆ. ಠಾಣೆಗಳಲ್ಲಿ ಇಶಾಪುರದ ಉಕ್ಕು ಇನ್ನೂ ಇದೆ.

ನನ್ನ ತೀರ್ಪು ಹೀಗಿದೆ. ದಿನವೂ ಹೊತ್ತು ತಿರುಗುವ ಸರ್ಕಾರಿ ಆಯುಧಕ್ಕೆ ಪಾಲಿಮರ್ ಫ್ರೇಮೇ ಸರಿ: ತೂಕ, ತುಕ್ಕು, ಹಿಡಿಯ ಅಳತೆ, ಬಿಡಿಭಾಗ ನಾಲ್ಕರಲ್ಲೂ ಅದು ಮುಂದಿದೆ. ಗುರಿಯ ಕ್ರೀಡೆಗೆ, ಒಂದೇ ಆಯುಧವನ್ನು ಜೀವಮಾನವಿಡೀ ಆರೈಕೆ ಮಾಡುವವರಿಗೆ ಉಕ್ಕು. ಆದರೆ ಹತ್ತಾರು ವರ್ಷ ಸೇಫ್ಟಿ ಇಳಿಸಿ ಹಾರಿಸಿ ಅಭ್ಯಾಸವಾದ ಕೈಗೆ ಸೇಫ್ಟಿಯೇ ಇಲ್ಲದ ಪಿಸ್ತೂಲನ್ನು ಒಂದು ಮಧ್ಯಾಹ್ನದ ಪರಿಚಯದಲ್ಲಿ ಕೊಟ್ಟುಬಿಡುವುದು ಹಳೆಯದನ್ನು ಹಾಗೆಯೇ ಉಳಿಸಿಕೊಳ್ಳುವುದಕ್ಕಿಂತ ಅಪಾಯಕರ. ಆದ್ದರಿಂದ ಹೊಸ ಪಿಸ್ತೂಲಿಗೆ ಟೆಂಡರ್ ಕರೆಯುವ ಪ್ರತಿ ಪೊಲೀಸ್ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು: ಪಿಸ್ತೂಲಿಗೆ ಹಣ ಇಡುವ ಅದೇ ಕಡತದಲ್ಲಿ ಟ್ರಿಗರ್ ಮುಚ್ಚುವ ಗಟ್ಟಿ ಹೋಲ್‌ಸ್ಟರಿಗೆ, ಮೂರು ಅಳತೆಯ ಹಿಡಿಗಳಿಗೆ, ಪ್ರತಿ ಸಿಬ್ಬಂದಿಗೂ ವರ್ಷವಿಡೀ ಅಭ್ಯಾಸಕ್ಕೆ ಸಾಲುವಷ್ಟು ಗುಂಡಿಗೆ, ಕಲಿಸುವ ಒಬ್ಬ ಒಳ್ಳೆಯ ಉಸ್ತಾದನ ಸಂಬಳಕ್ಕೆ ಹಣ ಇಡಿ. ಅಷ್ಟು ಹಣ ಒದಗದಿದ್ದರೆ ಪಿಸ್ತೂಲುಗಳ ಸಂಖ್ಯೆ ಕಡಿಮೆ ಮಾಡಿ, ಗುಂಡುಗಳ ಸಂಖ್ಯೆ ಕಡಿಮೆ ಮಾಡಬೇಡಿ.